ಟಿಲ್ಟ್ ಸ್ಟೀರಿಂಗ್ ಕಾಲಮ್ ಲೂಸ್ ಆಗಿದೆಯೇ? ಹಳೆಯ ಟ್ರಕ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಜನರಲ್ ಮೋಟರ್ಸ್‌ನ ಸ್ಯಾಗಿನಾ ವಿಭಾಗ ತಯಾರಿಸಿದ, ಸ್ಟೀರಿಂಗನ್ನು ಮೇಲೆ ಕೆಳಗೆ ಬಾಗಿಸಲು ಬರುವ ಟಿಲ್ಟ್ ಕಾಲಮ್‌ಗೆ ಸಂಬಂಧಿಸಿದವು. 1973ರಿಂದ 1990ರ ದಶಕದ ಆರಂಭದವರೆಗಿನ, ಕೀಲಿ ಕಾಲಮ್ ಮೇಲೆಯೇ ಇರುವ ಶೆವ್ರೊಲೆ ಮತ್ತು ಜಿಎಂಸಿ ಪಿಕಪ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಏರ್‌ಬ್ಯಾಗ್ ಇರುವ ಗಾಡಿಗೆ ಈ ವಿಧಾನ ಅನ್ವಯಿಸುವುದಿಲ್ಲ.

## ಮೊದಲು ರೋಗ ಯಾವುದೆಂದು ತಿಳಿಯಿರಿ

ಸ್ಟೀರಿಂಗ್ ಹಿಡಿದು ಮೇಲೆ ಕೆಳಗೆ ಎಳೆದರೆ ಟಕ್ ಟಕ್ ಅನ್ನುತ್ತೆ. ಏನು ಲೂಸ್ ಆಗಿರುತ್ತೆ?

ಹೆಚ್ಚಿನ ಗಾಡಿಗಳಲ್ಲಿ ಒಳಗಿನ ನಾಲ್ಕು ಬೋಲ್ಟುಗಳು. ಟಿಲ್ಟ್ ಕಾಲಮ್‌ನ ಮೇಲ್ಭಾಗ ಎರಡು ಪಿವಟ್ ಪಿನ್‌ಗಳ ಮೇಲೆ ತಿರುಗುತ್ತದೆ. ಆ ಪಿನ್‌ಗಳು ಕೂರುವ ಎರಕದ ತುಂಡಿಗೆ ಸಪೋರ್ಟ್ ಎಂದು ಹೆಸರು. ಈ ಸಪೋರ್ಟನ್ನು ಕಾಲಮ್‌ನ ಹೊರ ಕೊಳವೆಗೆ ಹಿಡಿದಿಡುವುದು ಆ ನಾಲ್ಕೇ ಬೋಲ್ಟು. ಅವು ಅರ್ಧ ಸುತ್ತು ಸಡಿಲವಾದರೂ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಬೆರಳಗಲದಷ್ಟು ಅಲ್ಲಾಟ ಕಾಣುತ್ತದೆ. ಚಕ್ರ ಉದ್ದನೆಯ ಸನ್ನೆಗೋಲಿನ ತುದಿಯಲ್ಲಿದ್ದಂತೆ, ಬುಡದ ಕೂದಲೆಳೆ ತುದಿಯಲ್ಲಿ ಹಗ್ಗವಾಗುತ್ತದೆ.

ನಾಲ್ಕು ಬೋಲ್ಟೇ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ಸುಮ್ಮನೆ ಬಿಚ್ಚಿ ಕೂರೋಕೆ ಇಷ್ಟ ಇಲ್ಲ.

ಟಿಲ್ಟನ್ನು ನಡುವಿನ ಹಂತಕ್ಕೆ ತನ್ನಿ. ಒಬ್ಬರು ಚಕ್ರದ ಮೇಲಂಚು ಕೆಳಂಚು ಹಿಡಿದು ಮೆಲ್ಲಗೆ ತಳ್ಳಿ ಎಳೆಯಲಿ. ಇನ್ನೊಬ್ಬರು ಟಾರ್ಚ್ ಹಿಡಿದು ಕಾಲಮ್ ಮಡಚುವ ಸಂದಿಯನ್ನೇ ನೋಡಲಿ. ಅಲ್ಲಾಟ ಯಾವ ಎರಡು ಭಾಗಗಳ ನಡುವೆ ಇದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಪಿವಟ್ ಪಿನ್‌ಗಳೂ ಸೇರಿ ಕಾಲಮ್ಮಿನ ಇಡೀ ತಲೆ, ಅಂದರೆ ಮೇಲ್ಭಾಗ, ಹೊರ ಕೊಳವೆಯ ಎದುರು ಎಲ್ಲ ದಿಕ್ಕಿಗೂ ಕದಲುತ್ತಿದ್ದರೆ ನಾಲ್ಕು ಬೋಲ್ಟು. ಮೇಲೆ ಕೆಳಗೆ ಮಾತ್ರ ಅಲ್ಲಾಡಿ, ಟಿಲ್ಟ್ ಹಂತ ಬದಲಿಸಿದಂತೆ ಅಲ್ಲಾಟ ಹೆಚ್ಚು ಕಡಿಮೆ ಆಗುತ್ತಿದ್ದರೆ ಟಿಲ್ಟ್ ಲಾಕ್ ಶೂಗಳು (ತಲೆಯನ್ನು ಒಂದು ಹಂತದಲ್ಲಿ ಕಚ್ಚಿ ಹಿಡಿಯುವ ಹಲ್ಲಿನ ತುಂಡುಗಳು) ಸವೆದಿವೆ. ಸಪೋರ್ಟ್ ಗಟ್ಟಿಯಾಗಿ ನಿಂತು, ಪಿನ್ ಇರುವ ಜಾಗದಲ್ಲೇ ಹೌಸಿಂಗ್ (ಪಿನ್ ಮೇಲೆ ತಿರುಗುವ ಮೇಲಿನ ಎರಕದ ಕವಚ) ಕದಲಿದರೆ ಪಿವಟ್ ಪಿನ್ ಅಥವಾ ಅದರ ತೂತು. ಹೌಸಿಂಗ್ ಅಲುಗದೆ ಚಕ್ರ ಮತ್ತು ಶಾಫ್ಟ್ ಮಾತ್ರ ಅಲ್ಲಾಡಿದರೆ ಮೇಲಿನ ಬೇರಿಂಗ್, ಅದರ ರೇಸ್ (ಬೇರಿಂಗ್ ಗುಂಡುಗಳು ಉರುಳುವ ಬಳೆ) ಅಥವಾ ಒತ್ತುವ ಸ್ಪ್ರಿಂಗ್. ಕಾಲಮ್ ಪೂರ್ತಿಯಾಗಿ ಡ್ಯಾಶ್‌ಬೋರ್ಡ್ ಕೆಳಗಿನಿಂದಲೇ ಅಲ್ಲಾಡಿದರೆ ಬ್ರ್ಯಾಕೆಟ್ ನಟ್‌ಗಳನ್ನು ಬಿಗಿ ಮಾಡಿ ನೋಡಿ. ಅದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ.

ಚಕ್ರ ಸ್ವಲ್ಪ ತಿರುಗಿಸಿದರೂ ಗಾಡಿ ತಿರುಗಲ್ಲ. ಇದೂ ಅದೇ ರಿಪೇರಿನಾ?

ಅಲ್ಲ. ತಿರುಗುವ ದಿಕ್ಕಿನಲ್ಲಿರುವ ಪ್ಲೇ, ಅಂದರೆ ಸಡಿಲು, ಬೇರೆ ಕಡೆಯಿಂದ ಬರುತ್ತದೆ: ಕಾಲಮ್ ತುದಿಯ ರಬ್ಬರ್ ಕಪ್ಲಿಂಗ್, ಸ್ಟೀರಿಂಗ್ ಗೇರ್‌ಬಾಕ್ಸ್, ಟೈ ರಾಡ್ ತುದಿಗಳು. ನಾಲ್ಕು ಬೋಲ್ಟು ಬಿಗಿ ಮಾಡಿದರೆ ಅದು ಹೋಗುವುದಿಲ್ಲ.

ಬೋಲ್ಟು ತಾನಾಗೇ ಯಾಕೆ ಲೂಸ್ ಆಗುತ್ತೆ?

ಎತ್ತರದ ಗಾಡಿ ಹತ್ತುವಾಗ ಇಳಿಯುವಾಗ ಮೈಭಾರವನ್ನೆಲ್ಲ ಸ್ಟೀರಿಂಗ್ ಮೇಲೆ ಹಾಕುವ ಅಭ್ಯಾಸ ದೊಡ್ಡ ಕಾರಣ. ಟಿಲ್ಟ್ ಲಿವರ್ ಎಳೆದು ಚಕ್ರವನ್ನು ಸ್ಪ್ರಿಂಗ್ ಬಲಕ್ಕೆ ಬಿಟ್ಟು ಧಡ್ ಎಂದು ಮೇಲಕ್ಕೆ ಹಾರಿಸುವುದು ಇನ್ನೊಂದು. ಬೋಲ್ಟುಗಳು ಚಿಕ್ಕವು, ಬಿಗಿತವೂ ಕಡಿಮೆಯೇ. ವರ್ಷಗಟ್ಟಲೆ ಹೀಗೆ ಎಳೆದಾಟವಾದರೆ ಕದಲದೆ ಇರುವುದಿಲ್ಲ. ಒಂದು ಕದಲಿತೆಂದರೆ ಉಳಿದ ಮೂರರ ಮೇಲೆ ಹೊರೆ ಏರುತ್ತದೆ, ಆಮೇಲೆ ಅಲ್ಲಾಟ ಬೇಗ ಬೇಗ ಹೆಚ್ಚುತ್ತದೆ.

ಹೀಗೇ ಓಡಿಸಿದರೆ ಏನಾಗುತ್ತೆ?

ಚಕ್ರ ಕೈಗೆ ಕಿತ್ತು ಬರುವುದಿಲ್ಲ, ಆದರೆ ಹಾಗೆಂದು ಬಿಡುವ ವಿಷಯವೂ ಅಲ್ಲ. ಇಂಡಿಕೇಟರ್ ವೈರುಗಳು ಇದೇ ಸಂದಿಯಲ್ಲಿ ಹಾದುಹೋಗುತ್ತವೆ. ತಲೆ ಅಲ್ಲಾಡಿದಂತೆ ವೈರಿನ ಹೊದಿಕೆ ಉಜ್ಜಿ ಫ್ಯೂಸ್ ಹೋಗಲು ಶುರುವಾಗುತ್ತದೆ. ಕೀಲಿಯಿಂದ ಇಗ್ನಿಷನ್ ಸ್ವಿಚ್‌ಗೆ ಹೋಗುವ ಸರಳು ವಾರೆಯಾಗಿ, ಚಕ್ರವನ್ನು ಒಂದು ಹಂತಕ್ಕೆ ತಂದರೆ ಮಾತ್ರ ಗಾಡಿ ಸ್ಟಾರ್ಟ್ ಆಗುವ ಸ್ಥಿತಿ ಬರಬಹುದು. ಪೂರ್ತಿ ಬಿಚ್ಚಿಕೊಂಡ ಬೋಲ್ಟು ಒಳಗೇ ಬಿದ್ದು ಲಾಕ್ ಅಥವಾ ಗೇರ್ ಲಿವರ್ ದಾರಿಗೆ ಅಡ್ಡ ಸಿಕ್ಕಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಾಟ ಕಂಡ ಮೇಲೆ ಮುಂದೂಡಬೇಡಿ.

## ಬಿಚ್ಚುವ ಮುನ್ನ

ಯಾವ ಯಾವ ಟೂಲ್ಸ್ ಬೇಕು? ಸ್ಪೆಷಲ್ ಟೂಲ್ಸ್ ಇಲ್ಲದೆ ಆಗಲ್ವಾ?

ಮೂರು ವಿಶೇಷ ಉಪಕರಣ ಇಲ್ಲದೆ ಕೈ ಹಾಕಬೇಡಿ. ಒಂದು, ಸ್ಟೀರಿಂಗ್ ವೀಲ್ ಪುಲ್ಲರ್. ಎರಡು, ಲಾಕ್ ಪ್ಲೇಟ್ (ಕೀಲಿ ತೆಗೆದಾಗ ಸ್ಟೀರಿಂಗ್ ತಿರುಗದಂತೆ ತಡೆಯುವ ತಟ್ಟೆ) ಒತ್ತುವ ಕಂಪ್ರೆಸರ್. ಮೂರು, ಇ-8 ಸಾಕೆಟ್, ಅಂದರೆ ನಕ್ಷತ್ರಾಕಾರದ ತಲೆಯನ್ನು ಹೊರಗಿನಿಂದ ಹಿಡಿಯುವ ಹೊರ ಟಾರ್ಕ್ಸ್ ಸಾಕೆಟ್. ಇದು ಕಾಲು ಇಂಚಿನ ಡ್ರೈವ್‌ನದ್ದು, ತೆಳು ಗೋಡೆಯದ್ದಾಗಿರಲಿ. ಬೋಲ್ಟಿನ ತಲೆ ಕುಳಿಯೊಳಗೆ ಕೂತಿರುವುದರಿಂದ ದಪ್ಪ ಸಾಕೆಟ್ ಒಳಗೆ ಇಳಿಯುವುದಿಲ್ಲ.

ಪಿವಟ್ ಪಿನ್ ಎಳೆಯುವ ಉಪಕರಣವೂ ಸಿಗುತ್ತದೆ. ಇಲ್ಲದಿದ್ದರೆ 8-32 ಅಳತೆಯ (8ನೇ ನಂಬರ್ ದಪ್ಪ, ಇಂಚಿಗೆ 32 ಸುತ್ತು) ಎರಡು ಇಂಚು ಉದ್ದದ ಗಟ್ಟಿ ಸ್ಕ್ರೂ, ಅದಕ್ಕೊಂದು ನಟ್, ಎರಡು ವಾಷರ್, ಪಿನ್ನು ಒಳಗೆ ತೂರುವಷ್ಟು ಅಗಲದ ಒಂದು ಸಾಕೆಟ್ ಇದ್ದರೆ ಸಾಕು. ಜೊತೆಗೆ ಟಿ-20 ಟಾರ್ಕ್ಸ್, ದೊಡ್ಡ ಫಿಲಿಪ್ಸ್ ಸ್ಕ್ರೂಡ್ರೈವರ್, ಸ್ನ್ಯಾಪ್ ರಿಂಗ್ ಬಿಚ್ಚಲು ಮೊನಚು ತುದಿಯ ಚಿಕ್ಕ ಸ್ಕ್ರೂಡ್ರೈವರ್, ನೀಲಿ ಥ್ರೆಡ್ ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು), ಬ್ರೇಕ್ ಕ್ಲೀನರ್, ಬಿಳಿ ಲಿಥಿಯಂ ಗ್ರೀಸ್, ಇಂಚು-ಪೌಂಡ್ ತೋರಿಸುವ ಟಾರ್ಕ್ ರೆಂಚ್.

ಎಷ್ಟು ಹೊತ್ತು ಬೇಕಾಗುತ್ತೆ?

ಮೊದಲ ಸಲ ಮಾಡುವವರು ಅರ್ಧ ದಿನ ಇಟ್ಟುಕೊಳ್ಳಿ. ಕಾಲಮನ್ನು ಗಾಡಿಯಿಂದ ಇಳಿಸುವ ಅಗತ್ಯವಿಲ್ಲ.

ಸುತ್ತಿಗೆಯಲ್ಲಿ ತಟ್ಟಿದರೆ ಚಕ್ರ ಬೇಗ ಬರುತ್ತೆ ಅಂತಾರೆ, ನಿಜವಾ?

ದಯವಿಟ್ಟು ಬೇಡ. ಅಪಘಾತದಲ್ಲಿ ಚಾಲಕನ ಎದೆಗೆ ನುಗ್ಗದೆ ಕುಸಿಯಲೆಂದು ಈ ಕಾಲಮ್‌ನ ಶಾಫ್ಟ್ ಮತ್ತು ಕೊಳವೆಯನ್ನು ಎರಡು ತುಂಡಾಗಿ ಮಾಡಿ, ಪ್ಲಾಸ್ಟಿಕ್ ಪಿನ್‌ಗಳಿಂದ ಹಿಡಿದಿರುತ್ತಾರೆ. ಶಾಫ್ಟ್ ತುದಿಗೆ ಸುತ್ತಿಗೆ ಏಟು ಬಿದ್ದರೆ ಆ ಪಿನ್‌ಗಳು ತುಂಡಾಗುತ್ತವೆ. ಆಮೇಲೆ ನಾಲ್ಕು ಬೋಲ್ಟಿನ ಕೆಲಸ ಹೋಗಿ ಕಾಲಮ್ಮೇ ಬದಲಿಸುವ ಕೆಲಸವಾಗುತ್ತದೆ. ಕಾಲಮ್ ಮೇಲೆ ಭಾರ ಹಾಕಿ ಒರಗುವುದೂ ಬೇಡ.

## ಬಿಚ್ಚುವ ಕ್ರಮ

ಚಕ್ರ ತೆಗೆಯುವಾಗ ಏನೇನು ನೋಡಿಕೊಳ್ಳಬೇಕು?

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಕಳಚಿ. ಮುಂದಿನ ಟೈರುಗಳು ನೇರವಾಗಿರಲಿ. ಹಾರ್ನ್ ಪ್ಯಾಡ್ ತೆಗೆದು ಅದರ ವೈರು ಬಿಡಿಸಿ, ನಟ್ ಮೇಲಿನ ಕ್ಲಿಪ್ ತೆಗೆದು ನಟ್ ಬಿಚ್ಚಿ. ಚಕ್ರಕ್ಕೂ ಶಾಫ್ಟಿಗೂ ಸೇರಿಸಿ ಒಂದು ಗುರುತು ಗೀಚಿ. ಗುರುತು ಇಲ್ಲದೆ ಒಂದು ಹಲ್ಲು ಆಚೀಚೆ ಕೂತರೂ ನೇರ ಹೋಗುವಾಗ ಚಕ್ರ ವಾರೆ ಕಾಣುತ್ತದೆ.

ಪುಲ್ಲರ್‌ನ ಎರಡು ಬೋಲ್ಟುಗಳನ್ನು ಚಕ್ರದ ತೂತಿಗೆ ಹಿಡಿತ ಸಿಗುವಷ್ಟೇ ತಿರುಗಿಸಿ. ತೀರ ಒಳಗೆ ಹೋದರೆ ಹಿಂದಿರುವ, ತಿರುವಿನ ನಂತರ ಇಂಡಿಕೇಟರ್ ಆರಿಸುವ ಕ್ಯಾಮ್‌ಗೆ ಚುಚ್ಚಿ ಒಡೆಯುತ್ತವೆ. ಹಾಳಾದ ಕ್ಯಾಮ್‌ಗಳಲ್ಲಿ ಬಹುಪಾಲು ಹೀಗೆ ಹಾಳಾದವೇ.

ಲಾಕ್ ಪ್ಲೇಟ್ ತೆಗೆಯೋಕೆ ಭಯ ಆಗುತ್ತೆ. ಚಿಮ್ಮುತ್ತಾ?

ಕಂಪ್ರೆಸರ್ ಇಲ್ಲದೆ ಮಾಡಿದರೆ ಚಿಮ್ಮುತ್ತದೆ. ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿದರೆ ಕಬ್ಬಿಣದ ಲಾಕ್ ಪ್ಲೇಟ್ ಕಾಣುತ್ತದೆ. ಅದರ ಕೆಳಗೆ ಗಟ್ಟಿ ಸ್ಪ್ರಿಂಗ್, ಮೇಲೆ ಶಾಫ್ಟಿನ ಕಾಲುವೆಯಲ್ಲಿ ತಂತಿಯ ಸ್ನ್ಯಾಪ್ ರಿಂಗ್. ಕಂಪ್ರೆಸರ್‌ನ ನಡು ಸ್ಕ್ರೂ ಶಾಫ್ಟಿನ ಮರೆಗೆ (ಥ್ರೆಡ್, ಅಂದರೆ ಸ್ಕ್ರೂ ಕಚ್ಚುವ ಸುರುಳಿ ಗೆರೆ) ಸರಿಹೊಂದಬೇಕು. ತಯಾರಾದ ವರ್ಷಕ್ಕೆ ತಕ್ಕಂತೆ ಈ ಮರೆ ಇಂಚು ಲೆಕ್ಕದ್ದೋ ಮೆಟ್ರಿಕ್ಕೋ ಇರುತ್ತದೆ. ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಬಲವಂತ ಮಾಡದೆ ಇನ್ನೊಂದು ಅಡಾಪ್ಟರ್ ಹಾಕಿ. ರಿಂಗಿಗೆ ಜಾಗವಾಗುವಷ್ಟು ಮಾತ್ರ ಪ್ಲೇಟನ್ನು ಕೆಳಗೆ ಒತ್ತಿ, ರಿಂಗ್ ಎಬ್ಬಿಸಿ ತೆಗೆದು, ಕಂಪ್ರೆಸರನ್ನು ನಿಧಾನಕ್ಕೆ ಸಡಿಲಿಸಿ. ರಕ್ಷಣಾ ಕನ್ನಡಕ ಹಾಕಿಕೊಂಡೇ ಮಾಡಿ. ತೆಗೆದ ರಿಂಗ್ ಬಾಗಿದ್ದರೆ ಮತ್ತೆ ಹಾಕಬೇಡಿ, ಹೊಸದು ಅಗ್ಗ.

ನಂತರ ಕ್ಯಾಮ್ ಮತ್ತು ಬೇರಿಂಗ್ ಸ್ಪ್ರಿಂಗ್ ಕೈಯಲ್ಲೇ ಬರುತ್ತವೆ.

ಇಂಡಿಕೇಟರ್ ಸ್ವಿಚ್ ಪೂರ್ತಿ ಹೊರಗೆ ತೆಗೀಬೇಕಾ?

ಬೇಕಾಗಿಲ್ಲ. ಲಿವರ್ ಮತ್ತು ಹಜಾರ್ಡ್ ಗುಂಡಿ ತೆಗೆದು, ಸ್ವಿಚ್‌ನ ಮೂರು ಸ್ಕ್ರೂ ಬಿಚ್ಚಿ, ಕಾಲಮ್ ಬುಡದಲ್ಲಿ ಕನೆಕ್ಟರ್ ಕಳಚಿ. ವೈರಿನ ಮುಚ್ಚಳ ಸಡಿಲಿಸಿದರೆ ಸ್ವಿಚ್ಚನ್ನು ಮೇಲಕ್ಕೆ ಎತ್ತಿ ಪಕ್ಕಕ್ಕೆ ನೇತುಹಾಕುವಷ್ಟು ವೈರು ಸಿಗುತ್ತದೆ.

ಲಿವರ್ ಬಗ್ಗೆ ಒಂದು ಮಾತು. ಕೆಲವು ವರ್ಷಗಳಲ್ಲಿ ಅದು ಸ್ಕ್ರೂನಿಂದ ಹಿಡಿದಿರುತ್ತದೆ, ಕೆಲವಲ್ಲಿ ನೇರ ಎಳೆದರೆ ಬರುತ್ತದೆ. ಕ್ರೂಸ್ ಕಂಟ್ರೋಲ್ ಇದ್ದರೆ ಅದರ ವೈರನ್ನು ಕೆಳಗೆ ಮೊದಲು ಬಿಡಿಸಿ, ಆಮೇಲೆ ಎಳೆಯಿರಿ.

ಕೀಲಿ ಸಿಲಿಂಡರ್ ಹೇಗೆ ತೆಗೆಯೋದು?

ಕೀಲಿಯನ್ನು ರನ್ ಸ್ಥಾನಕ್ಕೆ ತಿರುಗಿಸಿ. ಕೀಲಿ ಮರೆತಾಗ ಕೂಗುವ ಬಜರ್ ಸ್ವಿಚ್ ಸಿಲಿಂಡರ್ ಪಕ್ಕದಲ್ಲೇ ಇರುತ್ತದೆ. ಅದನ್ನು ಮತ್ತು ಅದರ ಕ್ಲಿಪ್ಪನ್ನು ತುದಿ ಬಗ್ಗಿಸಿದ ತಂತಿಯಿಂದ ಒಟ್ಟಿಗೆ ಎತ್ತಿ ತೆಗೆಯಿರಿ. ಇದನ್ನು ಮರೆತು ಸಿಲಿಂಡರ್ ಎಳೆದರೆ ಕ್ಲಿಪ್ ಕಾಲಮ್ ಒಳಗೆ ಬೀಳುತ್ತದೆ, ಹುಡುಕಿ ತೆಗೆಯದೆ ಮುಂದೆ ಹೋಗುವಂತಿಲ್ಲ. 1979ರಿಂದ ಈಚಿನವುಗಳಲ್ಲಿ ಸಿಲಿಂಡರನ್ನು ಒಂದು ಸ್ಕ್ರೂ ಹಿಡಿದಿರುತ್ತದೆ. ಅದಕ್ಕಿಂತ ಹಳೆಯವುಗಳಲ್ಲಿ ಸಂದಿಯೊಳಗೆ ತೆಳು ಸ್ಕ್ರೂಡ್ರೈವರ್ ತೂರಿಸಿ ಚಿಲಕವನ್ನು ಒತ್ತಬೇಕು.

ಟಿಲ್ಟ್ ಸ್ಪ್ರಿಂಗ್ ತೆಗೆಯೋಕೆ ಸರಿಯಾದ ರೀತಿ ಯಾವುದು?

ಮುಚ್ಚಳದ ಮೂರು ಸ್ಕ್ರೂ ತೆಗೆದು ಟಿಲ್ಟ್ ಲಿವರನ್ನು ತಿರುಗಿಸಿ ಬಿಡಿಸಿ, ಮುಚ್ಚಳ ಎತ್ತಿ, ಲಿವರನ್ನು ಮತ್ತೆ ಹಾಕಿಕೊಳ್ಳಿ. ಇನ್ನೂ ಅದರ ಕೆಲಸವಿದೆ. ಈಗ ತಲೆಯನ್ನು ಪೂರ್ತಿ ಮೇಲಿನ ಹಂತಕ್ಕೆ ತನ್ನಿ. ಸ್ಪ್ರಿಂಗ್ ಬಲ ಅತಿ ಕಡಿಮೆ ಇರುವುದು ಆ ಹಂತದಲ್ಲಿ ಮಾತ್ರ. ಸ್ಪ್ರಿಂಗ್ ಹಿಡಿದಿರುವ ಚೌಕ ತೂತಿನ ರಿಟೇನರ್‌ಗೆ ದೊಡ್ಡ ಫಿಲಿಪ್ಸ್ ಇಟ್ಟು ಸುಮಾರು 3/16 ಇಂಚು ಒಳಗೆ ಒತ್ತಿ, ಎಡಕ್ಕೆ ಎಂಟನೇ ಒಂದು ಸುತ್ತು ತಿರುಗಿಸಿ. ಕಿವಿಗಳು ಕಾಲುವೆಗೆ ಸರಿಬಂದಾಗ ಕೈ ಬಿಡದೆ ಮೆಲ್ಲಗೆ ಹೊರಗೆ ಬರಲು ಬಿಡಿ.

ಪಿವಟ್ ಪಿನ್ ಬರ್ತಾನೇ ಇಲ್ಲ, ಏನು ಮಾಡಲಿ?

ಕೆಲಸದ ಅತಿ ಕಷ್ಟದ ಭಾಗ ಇದೇ. ಪಿನ್ನಿನ ತಲೆಯಲ್ಲಿ 8-32 ಮರೆ ಇದೆ. ಸ್ಕ್ರೂಗೆ ಮೊದಲು ನಟ್, ಆಮೇಲೆ ವಾಷರ್, ಆಮೇಲೆ ಸಾಕೆಟ್ ಪೋಣಿಸಿ. ಸಾಕೆಟ್ಟಿನ ಬಾಯಿ ಪಿನ್ನಿನ ಸುತ್ತ ಸಪೋರ್ಟ್ ಮೇಲೆ ಕೂರಲಿ, ಸ್ಕ್ರೂ ತುದಿ ಪಿನ್ನಿನೊಳಗೆ ಪೂರ್ತಿ ಇಳಿಯಲಿ. ಈಗ ಸ್ಕ್ರೂ ತಿರುಗದಂತೆ ಹಿಡಿದು ನಟ್ ಬಿಗಿ ಮಾಡುತ್ತಾ ಹೋದರೆ ಪಿನ್ ಸಾಕೆಟ್ಟಿನೊಳಗೆ ಎಳೆದುಕೊಂಡು ಬರುತ್ತದೆ.

ಬರದಿದ್ದರೆ ಎರಡು ಕಾರಣ. ಸ್ಕ್ರೂ ಮೂರು ನಾಲ್ಕು ಸುತ್ತು ಮಾತ್ರ ಹಿಡಿದಿದ್ದರೆ ಪಿನ್ನಿನ ಮರೆಯೇ ಕಿತ್ತುಬರುತ್ತದೆ, ಆದ್ದರಿಂದ ಮರೆಯ ಕಸ ಚೆನ್ನಾಗಿ ತೆಗೆದು ತಳ ಮುಟ್ಟುವಷ್ಟು ಇಳಿಸಿ. ಇನ್ನೊಂದು, ತಲೆಯ ಭಾರ ಪಿನ್ ಮೇಲೆ ಕೂತಿರುವುದು. ನೆರವಿನವರು ಹೌಸಿಂಗನ್ನು ತುಸು ಎತ್ತಿ ಹಿಡಿದರೆ ಪಿನ್ ಸಡಿಲವಾಗುತ್ತದೆ. ಮೆದು ಸ್ಕ್ರೂ ಒಳಗೇ ತುಂಡಾದರೆ ಕೊರೆದು ತೆಗೆಯುವ ಪಾಡು, ಗಟ್ಟಿ ಉಕ್ಕಿನದನ್ನೇ ಬಳಸಿ.

ಹೌಸಿಂಗ್ ಎತ್ತುವಾಗ ಏನು ಜಾಗ್ರತೆ?

ಬೇರಿಂಗ್ ಮೇಲಿನ ಸೀಟು ಮತ್ತು ರೇಸ್ ಮೊದಲು ಎತ್ತಿಟ್ಟುಕೊಳ್ಳಿ. ಟಿಲ್ಟ್ ಲಿವರ್ ಎಳೆದು ಹಿಡಿದರೆ ಲಾಕ್ ಶೂಗಳು ಬಿಡುತ್ತವೆ, ಆಗ ಹೌಸಿಂಗನ್ನು ಶಾಫ್ಟ್ ಗುಂಟ ನೇರ ಮೇಲಕ್ಕೆ ಎಳೆಯಿರಿ. ಎಳೆಯುವ ಮುನ್ನ ಒಂದು ಫೋಟೊ ತೆಗೆಯಿರಿ: ಕೀಲಿ ತಿರುಗಿಸಿದಾಗ ಓಡಾಡುವ ಹಲ್ಲುಪಟ್ಟಿಯ ಅಗಲ ಹಲ್ಲು, ಹಲ್ಲುಚಕ್ರದ ಯಾವ ಸಂದಿಯಲ್ಲಿ ಕೂತಿದೆ ಎನ್ನುವುದು ಅದರಲ್ಲಿ ಸ್ಪಷ್ಟ ಕಾಣಬೇಕು.

ಮೇಲಿನ ಶಾಫ್ಟನ್ನು 90 ಡಿಗ್ರಿಯವರೆಗೆ ಬಗ್ಗಿಸಬೇಡಿ. ಅಷ್ಟು ಬಗ್ಗಿದರೆ ಕೀಲಿನೊಳಗಿನ ಗೋಲಗಳು ಕಳಚಿಕೊಳ್ಳುತ್ತವೆ.

## ನಾಲ್ಕು ಬೋಲ್ಟು

ಬೋಲ್ಟು ಕಾಣಿಸ್ತಿವೆ. ನಾಲ್ಕೂ ತೆಗೆದು ಕ್ಲೀನ್ ಮಾಡಲಾ?

ಒಟ್ಟಿಗೆ ತೆಗೆಯಬೇಡಿ. ಗೇರ್ ಲಿವರ್ ಕಾಲಮ್ ಮೇಲಿರುವ ಗಾಡಿಯಲ್ಲಿ ಗೇರ್ ಸ್ಥಾನಗಳನ್ನು ತಡೆದು ನಿಲ್ಲಿಸುವ ಗೇಟ್ ಪ್ಲೇಟ್ ಈ ಸಪೋರ್ಟ್ ಅಡಿಯಲ್ಲೇ ಸಿಕ್ಕಿಕೊಂಡಿರುತ್ತದೆ. ನಾಲ್ಕೂ ಬಂದರೆ ಅದೂ ಜಾರುತ್ತದೆ. ಒಂದು ಬೋಲ್ಟು ತೆಗೆಯಿರಿ, ಅದರ ಮರೆಗೂ ತೂತಿಗೂ ಬ್ರೇಕ್ ಕ್ಲೀನರ್ ಹೊಡೆದು ಒಣಗಲು ಬಿಡಿ, ಎರಡು ಹನಿ ನೀಲಿ ಥ್ರೆಡ್ ಲಾಕರ್ ಹಾಕಿ, ಕೈಬಿಗಿತಕ್ಕೆ ಕೂರಿಸಿ. ನಂತರ ಅದಕ್ಕೆ ಎದುರು ಮೂಲೆಯದ್ದು, ಹೀಗೆ ನಾಲ್ಕೂ. ಕೊನೆಗೆ ಮೂಲೆಯಿಂದ ಮೂಲೆಗೆ 60 ಇಂಚು-ಪೌಂಡ್, ಸುಮಾರು 7 ನ್ಯೂಟನ್ ಮೀಟರ್, ಬಿಗಿ ಮಾಡಿ. ನಿಮ್ಮ ವರ್ಷದ ಸರ್ವಿಸ್ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ.

ಎಣ್ಣೆ ಪಸೆ ಇರುವ ಮರೆಗೆ ಥ್ರೆಡ್ ಲಾಕರ್ ಹಿಡಿಯುವುದಿಲ್ಲ. ಇದನ್ನು ಅವಸರದಲ್ಲಿ ಬಿಟ್ಟ ರಿಪೇರಿಗಳೇ ಮತ್ತೆ ಲೂಸ್ ಆಗುವುದು.

ಕೆಂಪು ಥ್ರೆಡ್ ಲಾಕರ್ ಹಾಕಿದರೆ ಇನ್ನೂ ಗಟ್ಟಿ ಅಲ್ವಾ?

ಗಟ್ಟಿ ಹೌದು, ಆದರೆ ಮುಂದೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಸುತ್ತ ಪ್ಲಾಸ್ಟಿಕ್ಕು, ವೈರು, ಗ್ರೀಸ್ ಇರುವ ಜಾಗದಲ್ಲಿ ಬೆಂಕಿ ಹಿಡಿಯುವಂತಿಲ್ಲ. ನೀಲಿ ಸಾಕು.

ಒಂದು ಬೋಲ್ಟು ತಿರುಗುತ್ತಲೇ ಇದೆ, ಬಿಗಿ ಆಗ್ತಿಲ್ಲ.

ಮರೆ ಹೋಗಿದೆ. ಬೋಲ್ಟಿನ ಮರೆ ಸವೆದಿದ್ದರೆ ಅದೇ ಅಳತೆ, ಅದೇ ಉದ್ದದ ಹೊಸ ಬೋಲ್ಟು ಹಾಕಿ. ತೂತಿನ ಮರೆ ಹೋಗಿದ್ದರೆ ಮರೆ ಇನ್ಸರ್ಟ್ ಕೂರಿಸುವುದು ಅಥವಾ ಆ ಭಾಗ ಬದಲಿಸುವುದು ಎರಡೇ ದಾರಿ. ಮೂರು ಬೋಲ್ಟಿನಲ್ಲಿ ಓಡಿಸಬೇಡಿ, ಉದ್ದನೆಯ ಬೋಲ್ಟನ್ನೂ ತುರುಕಬೇಡಿ. ಅದರ ತುದಿ ಒಳಗಿನ ಗೇರ್ ಕೊಳವೆಗೆ ತಾಗಬಹುದು.

ಹೌಸಿಂಗ್ ತೆಗೆಯದೆ ಸಂದಿಯಿಂದಲೇ ಬಿಗಿ ಮಾಡಬಹುದು ಅಂತ ಕೇಳಿದ್ದೆ.

ಕೆಲವು ಕಾಲಮ್‌ಗಳಲ್ಲಿ ತಲೆಯನ್ನು ಪೂರ್ತಿ ಬಾಗಿಸಿದರೆ ಒಂದೆರಡು ಬೋಲ್ಟಿಗೆ ಉಪಕರಣ ತಲುಪುತ್ತದೆ. ಆದರೆ ಮರೆ ತೊಳೆಯಲಾಗದು, ಲಾಕರ್ ಹಾಕಲಾಗದು, ಉಳಿದವು ಸಡಿಲವಾಗಿಯೇ ಇರುತ್ತವೆ. ಇಷ್ಟು ಬಿಚ್ಚುವ ಶ್ರಮ ಒಮ್ಮೆ ಪಟ್ಟರೆ ವರ್ಷಗಳ ಕಾಲ ನಿಶ್ಚಿಂತೆ. ಸಂದಿಯ ಉಪಾಯವನ್ನು ಗಾಡಿ ಮನೆಗೆ ತರುವಷ್ಟಕ್ಕೆ ಮಾತ್ರ ಇಟ್ಟುಕೊಳ್ಳಿ.

## ಬಿಚ್ಚಿದ ಮೇಲೆ ಇನ್ನೇನು ನೋಡಬೇಕು

ಲಾಕ್ ಶೂ ಬದಲಿಸಬೇಕಾ ಅಂತ ಹೇಗೆ ಗೊತ್ತಾಗುತ್ತೆ?

ಎರಡೂ ಶೂಗಳ ಹಲ್ಲು ನೋಡಿ. ಅಂಚು ದುಂಡಗಾಗಿದ್ದರೆ, ಹಲ್ಲು ಮುರಿದಿದ್ದರೆ, ಹಳ್ಳ ಸಿಕ್ಕಾಗ ಚಕ್ರ ತಾನಾಗಿ ಕೆಳಗಿಳಿಯುತ್ತಿದ್ದರೆ ಬದಲಿಸಿ. ಎರಡನ್ನೂ ಒಟ್ಟಿಗೆ, ಸ್ಪ್ರಿಂಗ್ ಸಮೇತ. ಹಲ್ಲು ಚೆನ್ನಾಗಿದ್ದು ಗ್ರೀಸ್ ಗಟ್ಟಿಯಾಗಿ ಶೂ ಪೂರ್ತಿ ಕೂರದಿರುವುದೂ ಉಂಟು. ಆಗ ತೊಳೆದು ತೆಳುವಾಗಿ ಹೊಸ ಗ್ರೀಸ್ ಹಚ್ಚಿದರೆ ಸಾಕು.

ಶಾಫ್ಟ್ ಮಡಚುವ ಕೀಲಲ್ಲೂ ಪ್ಲೇ ಇದೆ. ಅಲ್ಲೇನಿರುತ್ತೆ?

ಮೇಲಿನ ಮತ್ತು ಕೆಳಗಿನ ಶಾಫ್ಟ್ ಸೇರುವಲ್ಲಿ ಎರಡು ಪ್ಲಾಸ್ಟಿಕ್ ಅರೆಗೋಲಗಳೂ ಅವುಗಳ ನಡುವೆ ಸ್ಪ್ರಿಂಗೂ ಇರುತ್ತವೆ. ವಯಸ್ಸಾದಂತೆ ಪ್ಲಾಸ್ಟಿಕ್ ಪುಡಿಯಾಗುತ್ತದೆ, ತಿರುವಿನಲ್ಲಿ ಕಟಕಟ ಸದ್ದು ಬರುತ್ತದೆ. ಬದಲಿಸಲು ಶಾಫ್ಟನ್ನು ಹೊರಗೆ ಎಳೆಯಬೇಕು, ಮೇಲಿನ ತುಂಡನ್ನು 90 ಡಿಗ್ರಿ ಬಗ್ಗಿಸಿ ಕೀಲು ಕಳಚಬೇಕು. ಹೇಗೂ ಇಷ್ಟು ಬಿಚ್ಚಿರುವಾಗ ಅನುಮಾನವಿದ್ದರೆ ಈಗಲೇ ಬದಲಿಸುವುದು ಜಾಣತನ.

## ಮತ್ತೆ ಜೋಡಿಸುವಾಗ

ಜೋಡಿಸಿದ ಮೇಲೆ ಕೀಲಿ ಸ್ಟಾರ್ಟ್‌ವರೆಗೆ ಹೋಗ್ತಿಲ್ಲ. ಎಲ್ಲಿ ತಪ್ಪಾಯ್ತು?

ಹಲ್ಲುಪಟ್ಟಿ ಒಂದು ಹಲ್ಲು ತಪ್ಪಿ ಕೂತಿದೆ. ಪಟ್ಟಿಯ ಅಗಲ ಹಲ್ಲು, ಹಲ್ಲುಚಕ್ರದ ಅಗಲ ಸಂದಿಗೇ ಬರಬೇಕು. ಹೌಸಿಂಗ್ ಮತ್ತೆ ಎತ್ತದೆ ಇದು ಸರಿಹೋಗುವುದಿಲ್ಲ. ಅದಕ್ಕೇ ಪಿವಟ್ ಪಿನ್ ಹೊಡೆಯುವ ಮೊದಲು ಸಿಲಿಂಡರನ್ನು ತಾತ್ಕಾಲಿಕವಾಗಿ ಇಟ್ಟು ಲಾಕ್‌ನಿಂದ ಸ್ಟಾರ್ಟ್‌ವರೆಗೆ ತಿರುಗಿಸಿ ನೋಡಿಬಿಡಿ. ಹಲ್ಲು ಸರಿಯಿದ್ದೂ ಸ್ಟಾರ್ಟ್ ಆಗದಿದ್ದರೆ, ಕಾಲಮ್ ಬುಡದ ಇಗ್ನಿಷನ್ ಸ್ವಿಚ್‌ನ ಎರಡು ಸ್ಕ್ರೂ ಸಡಿಲಿಸಿ ಅದರ ಸ್ಥಾನ ಹೊಂದಿಸಿ.

ಪಿವಟ್ ಪಿನ್ ವಾಪಸ್ ಹೋಗ್ತಿಲ್ಲ.

ತೂತುಗಳು ಒಂದರ ಮೇಲೊಂದು ಸರಿಬಂದಿಲ್ಲ. ಲಿವರ್ ಎಳೆದು ಹಿಡಿದು ಹೌಸಿಂಗನ್ನು ಕೆಳಗೆ ಒತ್ತಿ, ಪಿನ್ನಿಗೆ ಗ್ರೀಸ್ ಸವರಿ, ಪಂಚ್ ಇಟ್ಟು ಹಗುರವಾಗಿ ತಟ್ಟಿ. ಅಂಚಿಗೆ ಸಮವಾದರೆ ಸಾಕು. ಇಲ್ಲಿನ ತಟ್ಟುವಿಕೆ ಅಡ್ಡದಿಕ್ಕಿನದು ಮತ್ತು ಹಗುರದ್ದು, ಶಾಫ್ಟಿನ ತುದಿಗೆ ಬೀಳುವ ಏಟಲ್ಲ.

ಸ್ಟೀರಿಂಗ್ ಚಕ್ರದ ನಟ್ ಎಷ್ಟು ಬಿಗಿ ಮಾಡಬೇಕು?

30 ಅಡಿ-ಪೌಂಡ್, ಸುಮಾರು 41 ನ್ಯೂಟನ್ ಮೀಟರ್. ಗುರುತು ಸೇರಿಸಿ ಕೂರಿಸಿ, ಕ್ಲಿಪ್ ಮರೆಯಬೇಡಿ.

ರಸ್ತೆಗಿಳಿಯುವ ಮುನ್ನ ಏನೇನು ಪರೀಕ್ಷಿಸಬೇಕು?

ಲಾಕ್ ಪ್ಲೇಟ್ ರಿಂಗ್ ಕಾಲುವೆಯಲ್ಲಿ ಸುತ್ತಲೂ ಕೂತಿದೆಯೇ ಎಂದು ಚಕ್ರ ಹಾಕುವ ಮೊದಲೇ ಕಣ್ಣಾರೆ ನೋಡಿರಬೇಕು. ಬ್ಯಾಟರಿ ಜೋಡಿಸಿದ ಮೇಲೆ ಟಿಲ್ಟಿನ ಪ್ರತಿ ಹಂತದಲ್ಲೂ ಚಕ್ರ ಗಟ್ಟಿಯಾಗಿ ನಿಲ್ಲುತ್ತದೆಯೇ, ಪ್ರತಿ ಹಂತದಲ್ಲೂ ಕೀಲಿ ಎಲ್ಲ ಸ್ಥಾನಕ್ಕೂ ಹೋಗುತ್ತದೆಯೇ ನೋಡಿ. ಆಟೊಮ್ಯಾಟಿಕ್ ಗಾಡಿ ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗಬೇಕು. ಇಂಡಿಕೇಟರ್ ತಿರುವಿನ ನಂತರ ತಾನಾಗಿ ಆರಬೇಕು. ಹಾರ್ನ್, ಹಜಾರ್ಡ್, ಬ್ರೇಕ್ ಲೈಟು ನೋಡಿ, ಬ್ರೇಕ್ ಲೈಟಿನ ವೈರೂ ಇದೇ ಸ್ವಿಚ್ ಮೂಲಕ ಹೋಗುತ್ತದೆ. ಕೀಲಿ ತೆಗೆದಾಗ ಸ್ಟೀರಿಂಗ್ ಲಾಕ್ ಆಗಬೇಕು, ರನ್‌ನಲ್ಲಿ ಎರಡೂ ಕಡೆಗೆ ತಡೆಯಿಲ್ಲದೆ ಪೂರ್ತಿ ತಿರುಗಬೇಕು. ಇದರಲ್ಲಿ ಒಂದು ತಪ್ಪಿದರೂ ಗಾಡಿ ಕದಲಿಸಬೇಡಿ. ಥ್ರೆಡ್ ಲಾಕರ್ ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು, ಅಷ್ಟು ಹೊತ್ತು ಗಾಡಿ ನಿಂತಿರಲಿ.

ಎಲ್ಲ ಮಾಡಿದೆ, ಆದರೂ ಚೂರು ಅಲ್ಲಾಡುತ್ತೆ.

ಹೊಸದರಲ್ಲೂ ಟಿಲ್ಟ್ ಕಾಲಮ್ ಕಲ್ಲಿನಷ್ಟು ಗಟ್ಟಿ ಇರುವುದಿಲ್ಲ. ಶೂ ಹಲ್ಲು ಕಚ್ಚುವಲ್ಲಿ ಕೂದಲೆಳೆಯಷ್ಟು ಸಡಿಲು ಇದ್ದೇ ಇರುತ್ತದೆ. ಸದ್ದು ಬಂದರೆ, ಅಥವಾ ಸಂದಿಯಲ್ಲಿ ಕಣ್ಣಿಗೆ ಕಾಣುವಂತೆ ಕದಲಿದರೆ ಮಾತ್ರ ಚಿಂತಿಸಿ. ಹಾಗಿದ್ದರೆ ಮೊದಲ ಪರೀಕ್ಷೆಯನ್ನು ಟಾರ್ಚ್ ಹಿಡಿದು ಮತ್ತೆ ಮಾಡಿ. ಬೋಲ್ಟು ಗಟ್ಟಿಯಾದ ಮೇಲೆ ಶೂ ಅಥವಾ ಪಿವಟ್ ತೂತಿನ ಸವೆತ ಬೇರೆಯಾಗಿ ಎದ್ದು ಕಾಣುತ್ತದೆ. ಪಿವಟ್ ತೂತು ಅಂಡಾಕಾರವಾಗಿದ್ದರೆ ಹೊಸ ಪಿನ್ನಿನಿಂದ ಪ್ರಯೋಜನವಿಲ್ಲ, ಆ ತೂತಿರುವ ಎರಕದ ತುಂಡನ್ನೇ ಬದಲಿಸಬೇಕು.

ನನ್ನದು ಜೀಪ್, ಪಕ್ಕದ ಮನೆಯವರದು ಫೋರ್ಡ್. ಇದೇ ವಿಧಾನ ನಡೆಯುತ್ತಾ?

ಸ್ಯಾಗಿನಾ ಕಾಲಮನ್ನು ಹಳೆಯ ಜೀಪ್‌ಗಳಲ್ಲೂ ಇಂಟರ್‌ನ್ಯಾಷನಲ್ ಸ್ಕೌಟ್‌ನಲ್ಲೂ ಹಲವು ಡಾಡ್ಜ್ ಟ್ರಕ್‌ಗಳಲ್ಲೂ ಬಳಸಿದ್ದಾರೆ. ಅವುಗಳಿಗೆ ಮೂಲ ಕ್ರಮ ಇದೇ, ಸ್ವಿಚ್ ಮತ್ತು ಲಿವರ್ ಜೋಡಣೆಯಲ್ಲಿ ಮಾತ್ರ ವ್ಯತ್ಯಾಸ. ಫೋರ್ಡ್ ಟಿಲ್ಟ್ ಕಾಲಮ್ ರಚನೆಯೇ ಬೇರೆ, ಅದಕ್ಕೆ ಅದರ ಮ್ಯಾನುಯಲ್ ನೋಡಿ.